ಕಡಲಲ್ಲಿ ಹಿಡಿದ ಆಯುಧಗಳ ವಿಲೇವಾರಿ

೨೦೨೪ನೆಯ ಇಸವಿಯ ಏಪ್ರಿಲ್ ೪ರಂದು ಅಮೆರಿಕಾ ಸಂಯುಕ್ತ ಸಂಸ್ಥಾನವು ೫,೦೦೦ಕ್ಕೆ ಮೇಲ್ಪಟ್ಟ ಕಲಾಶ್ನಿಕೋವ್ ಬಂದೂಕುಗಳನ್ನೂ, ಅವುಗಳೊಡನೆ ಯಂತ್ರಬಂದೂಕು, ರಾಕೆಟ್ಟು ಹಾರಿಸುವ ಕೊಳವೆಗಳನ್ನೂ, ೫ ಲಕ್ಷಕ್ಕೆ ಮೀರಿದ ತೋಟಾಗಳನ್ನೂ ಯುಕ್ರೇನ್ ದೇಶದ ಸೈನ್ಯಕ್ಕೆ ಒಪ್ಪಿಸಿತು. ಒಂದು ಬ್ರಿಗೇಡನ್ನು ಸಜ್ಜುಗೊಳಿಸಲು ಇಷ್ಟು ಬಂದೂಕುಗಳು ಸಾಕೆಂದು ಆ ದೇಶದ ಸೇನಾಧಿಕಾರಿಗಳು ಪ್ರಕಟಿಸಿದರು. ಇವು ಅಮೆರಿಕಾದ ಕಾರ್ಖಾನೆಗಳಲ್ಲಿ ತಯಾರಾದವಲ್ಲ, ಅದರ ಬೊಕ್ಕಸದ ಹಣದಿಂದ ಕೊಂಡವೂ ಅಲ್ಲ. ೨೦೨೧ರ ಮೇ ತಿಂಗಳಿಂದ ೨೦೨೩ರ ಫೆಬ್ರುವರಿಯವರೆಗೆ ಇರಾನಿನಿಂದ ಯೆಮೆನ್ ದೇಶದ ಹೂಥಿ ಪಕ್ಷದವರಿಗೆ ಸಾಗುತ್ತಿದ್ದವೆಂದು, ಯಾವ ದೇಶದ ಬಾವುಟವೂ ಇಲ್ಲದ ನಾಲ್ಕು ಹಡಗುಗಳಿಂದ ಜಪ್ತಿ ಮಾಡಿಕೊಂಡವು. ಅದಕ್ಕೂ ಮುನ್ನ, ೨೦೨೩ರ ಅಕ್ಟೋಬರ್ ೨ರಂದು, ಇದೇ ಬಗೆಯಲ್ಲಿ ಹಿಡಿದ ಸುಮಾರು ೧೧ ಲಕ್ಷ ತೋಟಾಗಳು ಅದೇ ಯುಕ್ರೇನಿಗೆ ಸಂದಿದ್ದವು. ಒಂದು ಯುದ್ಧಕ್ಕೆಂದು ಹೊರಟ ಆಯುಧವು ದಾರಿಯಲ್ಲಿ ಸಿಕ್ಕಿಬಿದ್ದು ಇನ್ನೊಂದು ಯುದ್ಧವನ್ನು ಸೇರಿತು.

ಯುಕ್ರೇನಿನ ಪಕ್ಷ ನ್ಯಾಯವಾದುದೋ ಅಲ್ಲವೋ ಎಂಬ ಚರ್ಚೆಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಪರರ ದಂಡಯಾತ್ರೆಗೆ ತುತ್ತಾದ ದೇಶವು ಆತ್ಮರಕ್ಷಣೆಗಾಗಿ ಸಿಕ್ಕಿದ ಕಡೆಯಿಂದ ಆಯುಧ ತೆಗೆದುಕೊಳ್ಳುವುದು ಸಹಜ. ನಮ್ಮ ಪ್ರಶ್ನೆ ಕೊಟ್ಟವರನ್ನು ಕುರಿತದ್ದು. ಕಡಲಿನ ಕಾವಲುಗಾರನೆಂದು ಲೋಕವೆಲ್ಲ ಒಪ್ಪಿ ಅಧಿಕಾರ ಕೊಟ್ಟವನು ತಾನು ಹಿಡಿದ ಮಾಲನ್ನು ತನ್ನ ಸ್ನೇಹಿತನಿಗೆ ದಾನ ಮಾಡಬಹುದೇ?

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ, ಬಟ್ಟಕಡಲಿನಲ್ಲಿ ಒಂದು ಹಡಗನ್ನು ತಡೆಯುವುದು ಎಷ್ಟು ಕ್ಲಿಷ್ಟವಾದ ಕಾರ್ಯವೆಂಬುದನ್ನು ಮೊದಲು ಗ್ರಹಿಸಬೇಕು. ಕಡಲು ಯಾವ ಅರಸನ ಖಾಸಗಿ ಸ್ವತ್ತೂ ಅಲ್ಲ. ೧೯೮೨ರ ಸಮುದ್ರ ಕಾನೂನಿನ ಒಡಂಬಡಿಕೆಯ ೧೧೦ನೆಯ ಕಲಮಿನಂತೆ ಯುದ್ಧನೌಕೆಯೊಂದು ಪರದೇಶದ ವರ್ತಕರ ಹಡಗನ್ನು ಹತ್ತಿ ಶೋಧಿಸಲು ಕೆಲವೇ ಕಾರಣಗಳುಂಟು: ಕಡಲ್ಗಳ್ಳತನ, ಗುಲಾಮರ ವ್ಯಾಪಾರ, ಅಪ್ಪಣೆಯಿಲ್ಲದ ರೇಡಿಯೋ ಪ್ರಸಾರ, ಹಡಗಿಗೆ ಯಾವ ರಾಷ್ಟ್ರೀಯತೆಯೂ ಇಲ್ಲದಿರುವುದು, ಅಥವಾ ಬೇರೆ ಬಾವುಟ ಹಾರಿಸಿದರೂ ವಾಸ್ತವದಲ್ಲಿ ಅದು ತನ್ನ ದೇಶದ್ದೇ ಆಗಿರುವುದು. ಆಯುಧಗಳ ಕಳ್ಳಸಾಗಾಣಿಕೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಆದಕಾರಣವೇ ಸರಕಾರಿ ಪ್ರಕಟಣೆಗಳಲ್ಲಿ "ರಾಷ್ಟ್ರವಿಲ್ಲದ ಹಡಗು" ಎಂಬ ಮಾತು ಪದೇ ಪದೇ ಬರುತ್ತದೆ. ಬಾವುಟವಿಲ್ಲ, ಕಾಗದಪತ್ರವಿಲ್ಲ, ಯಾವ ಬಂದರಿನಲ್ಲೂ ನೋಂದಣಿಯಿಲ್ಲ. ಆಗ ಮಾತ್ರ ಅದನ್ನು ಹತ್ತಬಹುದು. ಇಂಥ ಸಾಗಾಟದ ಹಡಗುಗಳು ಬಹುಮಟ್ಟಿಗೆ ಡೌ ಎಂದು ಕರೆಯುವ ಮರದ ಹಡಗುಗಳು. ನಮ್ಮ ಕರಾವಳಿಯ ಪತ್ತೇಮಾರಿಗೂ ಇವಕ್ಕೂ ಹತ್ತಿರದ ನಂಟು. ಮೇಲೆ ಮೀನಿನ ಬಲೆ, ಕೆಳಗೆ ಬಂದೂಕಿನ ಕಟ್ಟು.

೨೦೦೨ರ ಡಿಸೆಂಬರಿನಲ್ಲಿ ನಡೆದ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಸೋ ಸಾನ್ ಎಂಬ ಹಡಗು ಉತ್ತರ ಕೊರಿಯಾದಿಂದ ಹೊರಟು ಅರಬ್ಬೀ ಸಮುದ್ರವನ್ನು ದಾಟುತ್ತಿತ್ತು. ಬಾವುಟ ಹಾರಿಸಿರಲಿಲ್ಲ, ಹೆಸರಿನ ಮೇಲೆ ಬಣ್ಣ ಬಳಿದಿತ್ತು. ಸ್ಪೇನ್ ದೇಶದ ಯುದ್ಧನೌಕೆಗಳು ಅದನ್ನು ತಡೆದು, ಸೈನಿಕರನ್ನು ಹೆಲಿಕಾಪ್ಟರಿನಿಂದ ಇಳಿಸಿ ಶೋಧಿಸಿದವು. ಸಿಮೆಂಟಿನ ಮೂಟೆಗಳ ಅಡಿಯಲ್ಲಿ ೧೫ ಸ್ಕಡ್ ಕ್ಷಿಪಣಿಗಳು ಸಿಕ್ಕಿದವು. ಅಷ್ಟರಲ್ಲಿ ಯೆಮೆನಿನ ಸರಕಾರ ಮುಂದೆ ಬಂದು, ಅವು ತನ್ನ ಸೈನ್ಯಕ್ಕಾಗಿ ತಾನು ಹಣ ಕೊಟ್ಟು ಕೊಂಡ ಮಾಲು ಎಂದು ಹಕ್ಕು ಹೂಡಿತು. ಅದನ್ನು ತಡೆಯುವ ಕಾನೂನು ಯಾವುದೂ ಇಲ್ಲವೆಂದು ಅಮೆರಿಕಾ ಒಪ್ಪಿ, ಹಡಗನ್ನು ಬಿಟ್ಟುಕೊಟ್ಟಿತು. ಕ್ಷಿಪಣಿಗಳು ಯೆಮೆನನ್ನು ಸೇರಿದವು. ಹನ್ನೆರಡು ವರ್ಷಗಳ ತರುವಾಯ, ೨೦೧೪ರ ಸೆಪ್ಟೆಂಬರಿನಲ್ಲಿ, ಹೂಥಿ ಪಕ್ಷದವರು ರಾಜಧಾನಿಯಾದ ಸನಾ ಪಟ್ಟಣವನ್ನು ಹಿಡಿದರು. ಸೈನ್ಯದ ದಾಸ್ತಾನಿನಲ್ಲಿದ್ದ ಕ್ಷಿಪಣಿಗಳೂ ಅವರ ಮತ್ತು ಅವರ ಮಿತ್ರರ ವಶವಾದವು. ೨೦೧೫ರ ಜೂನಿನಲ್ಲಿ ಸೌದಿ ಅರೇಬಿಯಾದ ಖಮೀಸ್ ಮುಷೈತ್ ನಗರದ ಕಡೆಗೆ ಯೆಮೆನಿನಿಂದ ಸ್ಕಡ್ ಕ್ಷಿಪಣಿ ಹಾರಿತು. ನ್ಯಾಯವಾದ ಸರಕಾರಕ್ಕೆ ನ್ಯಾಯವಾಗಿ ಕೊಟ್ಟ ಆಯುಧ ಎಂಬ ಮಾತು ಎಷ್ಟು ವರ್ಷ ಬಾಳುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮಗೆ ಕಾಣದು.

ಆ ಯುದ್ಧವು ಉಲ್ಬಣಿಸಿದಾಗ, ೨೦೧೫ರ ಏಪ್ರಿಲ್ ೧೪ರಂದು, ಸಂಯುಕ್ತ ರಾಷ್ಟ್ರಸಂಘದ ಭದ್ರತಾ ಸಮಿತಿಯು ೨೨೧೬ನೆಯ ನಿರ್ಣಯವನ್ನು ಅಂಗೀಕರಿಸಿತು. ಹೂಥಿಗಳಿಗೂ ಅವರ ಜೊತೆಗಾರರಿಗೂ ಆಯುಧ ಒದಗಿಸುವುದು ನಿಷಿದ್ಧವಾಯಿತು. ಅಂದಿನಿಂದ ಕಡಲಿನಲ್ಲಿ ನಡೆದ ಜಪ್ತಿಗಳು ಒಂದೆರಡಲ್ಲ. ೨೦೧೬ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಎಂಬ ನೌಕೆಯು ಓಮಾನಿನ ಹೊರಗಡಲಿನಲ್ಲಿ ಒಂದೇ ಮೀನುಹಡಗಿನಿಂದ ೧,೯೮೯ ಬಂದೂಕುಗಳನ್ನು ತೆಗೆಯಿತು. ೨೦೨೧ರ ಡಿಸೆಂಬರಿನಲ್ಲಿ ಅಮೆರಿಕಾದ ನೌಕೆಗಳು ಸುಮಾರು ೧,೪೦೦ ಬಂದೂಕುಗಳನ್ನೂ ಎರಡು ಲಕ್ಷಕ್ಕೆ ಮೀರಿದ ತೋಟಾಗಳನ್ನೂ ಇಳಿಸಿಕೊಂಡು, ಖಾಲಿ ಹಡಗು ಇತರರ ಸಂಚಾರಕ್ಕೆ ಅಪಾಯವೆಂದು ಅದನ್ನು ಅಲ್ಲಿಯೇ ಮುಳುಗಿಸಿದವು. ೨೦೨೩ರ ಜನವರಿಯಲ್ಲಿ ಮತ್ತೊಂದು ಹಡಗಿನಲ್ಲಿ ೨,೧೧೬ ಬಂದೂಕುಗಳು. ಇರಾನ್ ಸರಕಾರವಂತೂ ಹೂಥಿಗಳಿಗೆ ತಾನು ಆಯುಧ ಕಳುಹಿಸುತ್ತಿಲ್ಲವೆಂದು ಪ್ರತಿಸಲವೂ ನಿರಾಕರಿಸುತ್ತಲೇ ಬಂದಿತು.

ಕಾವಲಿನ ಕೆಲಸ ಸುಲಭವಾದುದೆಂದು ಯಾರೂ ಭಾವಿಸಬಾರದು. ೨೦೨೪ರ ಜನವರಿ ೧೧ರ ರಾತ್ರಿ ಸೊಮಾಲಿಯಾದ ಹೊರಗಡಲಿನಲ್ಲಿ ಇಂಥ ಒಂದು ಹಡಗನ್ನು ಹತ್ತುವಾಗ ಅಮೆರಿಕಾದ ನಾವಿಕನೊಬ್ಬನು ಅಲೆಗಳ ನಡುವೆ ಬಿದ್ದನು. ಅವನನ್ನು ಉಳಿಸಲೆಂದು ಹಾರಿದ ಸಂಗಡಿಗನೂ ಮೇಲೆ ಬರಲಿಲ್ಲ. ಆ ಹಡಗಿನಲ್ಲಿ ಕ್ಷಿಪಣಿಗಳ ಬಿಡಿಭಾಗಗಳಿದ್ದವು. ಅದರ ಪಾಕಿಸ್ತಾನೀ ನಾಯಕನಿಗೆ ೨೦೨೫ರಲ್ಲಿ ವರ್ಜೀನಿಯಾದ ನ್ಯಾಯಾಲಯವು ೪೦ ವರ್ಷಗಳ ಸೆರೆವಾಸ ವಿಧಿಸಿತು. ಹೇರಿ ಕಳುಹಿಸಿದವರು ದಡದಲ್ಲಿಯೇ ಉಳಿದರು. ಕಡಲಿಗೆ ಇಳಿದ ಬಡವರು, ಈ ಪಕ್ಷದವರಾಗಲಿ ಆ ಪಕ್ಷದವರಾಗಲಿ, ಬೆಲೆ ತೆತ್ತರು.

ಇನ್ನು ವಿಲೇವಾರಿಯ ಮಾತು. ನಿರ್ಣಯದಲ್ಲಿಯೇ ಇದಕ್ಕೆ ಕ್ರಮ ಹೇಳಿದೆ: ಸಿಕ್ಕಿದ ಆಯುಧವನ್ನು ನಾಶಪಡಿಸಬಹುದು, ಕೆಲಸಕ್ಕೆ ಬಾರದಂತೆ ಮಾಡಬಹುದು, ದಾಸ್ತಾನಿನಲ್ಲಿಡಬಹುದು, ಅಥವಾ ಹೊರಟ ದೇಶವೂ ಅಲ್ಲದ ಸೇರಬೇಕಾಗಿದ್ದ ದೇಶವೂ ಅಲ್ಲದ ಮೂರನೆಯ ರಾಷ್ಟ್ರಕ್ಕೆ ವಿಲೇವಾರಿಗಾಗಿ ಒಪ್ಪಿಸಬಹುದು. ಅಮೆರಿಕಾದ ಅಧಿಕಾರಿಗಳು ಮತ್ತೊಂದು ಮಾರ್ಗವನ್ನೂ ಹಿಡಿದರು. ತಮ್ಮ ದೇಶದ ನ್ಯಾಯಾಲಯದಲ್ಲಿ ಇರಾನಿನ ಕ್ರಾಂತಿರಕ್ಷಕ ದಳದ ವಿರುದ್ಧ ದಾವೆ ಹೂಡಿ, ಮಾಲು ತಮ್ಮ ಸರಕಾರಕ್ಕೆ ಮುಟ್ಟುಗೋಲಾಯಿತೆಂದು ತೀರ್ಪು ಪಡೆದರು: ತೋಟಾಗಳಿಗೆ ೨೦೨೩ರ ಜುಲೈನಲ್ಲಿ, ಬಂದೂಕುಗಳಿಗೆ ಅದೇ ಡಿಸೆಂಬರಿನಲ್ಲಿ. ಆಮೇಲೆ ಸ್ವಂತ ಸ್ವತ್ತನ್ನು ಯಾರಿಗೆ ಬೇಕಾದರೂ ಕೊಡಬಹುದಷ್ಟೆ. ಯುಕ್ರೇನಿಗೆ ಹೊಸದಾಗಿ ಹಣ ಮಂಜೂರು ಮಾಡಲು ಅಮೆರಿಕಾದ ಶಾಸನಸಭೆ ಒಪ್ಪದೆ ಎಳೆದಾಡುತ್ತಿದ್ದ ತಿಂಗಳುಗಳಲ್ಲಿಯೇ ಈ ಎರಡು ದಾನಗಳೂ ನಡೆದವೆಂಬುದು ಕಾಕತಾಳೀಯವೆಂದು ನಾವು ನಂಬಲಾರೆವು.

ಕಾಗದದ ಮೇಲೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ನಮ್ಮ ತಾಲ್ಲೂಕು ಕಚೇರಿಗಳಲ್ಲಿಯೂ ಠಾಣೆಗಳಲ್ಲಿಯೂ ಮುದ್ದೆಮಾಲಿನ ವ್ಯವಹಾರ ನೋಡಿದ ಅಧಿಕಾರಿಗಳಿಗೆ ಇಲ್ಲಿನ ಸೂಕ್ಷ್ಮ ಹೊಳೆಯದೆ ಇರದು. ಕಳ್ಳತನದಲ್ಲಿ ಸಿಕ್ಕಿದ ಗಂಧದ ಕೊರಡನ್ನು ಸರಕಾರ ಮಾರಿದರೆ ಯಾರೂ ಆಕ್ಷೇಪಿಸರು. ಗಂಧವು ಕಳ್ಳನ ಕೈಯಲ್ಲಿ ಅಪರಾಧ, ದೇವರ ಮುಂದೆ ಗಂಧವೇ. ಕಳ್ಳಭಟ್ಟಿಯ ಸಾರಾಯಿಯನ್ನಾದರೋ ಪಂಚರ ಸಮಕ್ಷಮ ನೆಲಕ್ಕೆ ಚೆಲ್ಲುತ್ತಾರೆ. ಹಿಡಿದ ದಫೇದಾರನು ತನ್ನ ಭಾವಮೈದುನನ ಮದುವೆಗೆ ಅದನ್ನು ಕಳುಹಿಸಿದರೆ ಮುಂದಿನ ಸಲ ಅವನ ದಾಳಿಯನ್ನು ಯಾವ ಊರವರೂ ನಂಬರು. ಬಂದೂಕು ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರಿದ್ದು? ನಿರ್ಣಯವನ್ನು ಬರೆದವರು "ವಿಲೇವಾರಿಗಾಗಿ" ಎಂಬ ಪದವನ್ನು ಸೇರಿಸಿದ್ದಾರೆ. ಉಪಯೋಗಕ್ಕಾಗಿ ಎಂದು ಬರೆದಿಲ್ಲ. ಮೇಲಾಗಿ ಆ ಬಂದೂಕುಗಳು ಬರಿಯ ಕಬ್ಬಿಣವಲ್ಲ, ಸಾಕ್ಷ್ಯ. ಅವುಗಳ ಮೇಲಿನ ಸಂಖ್ಯೆ, ಮುದ್ರೆ, ಕಟ್ಟಿದ ರೀತಿ, ಇವನ್ನು ಪರೀಕ್ಷಿಸಿಯೇ ರಾಷ್ಟ್ರಸಂಘದ ತಜ್ಞರು ಆಯುಧಗಳ ಮೂಲವನ್ನು ಹುಡುಕುತ್ತಿದ್ದರು. ಕಳುಹಿಸಿದವನು ಇಲ್ಲವೆಂದು ಸಾಧಿಸುತ್ತಿರುವಾಗ ಸಾಕ್ಷ್ಯವನ್ನು ರಣರಂಗಕ್ಕೆ ಅಟ್ಟುವುದು ವಿವೇಕವೆನಿಸದು.

ನಾಶಕ್ಕೂ ಹಣ ಬೇಕು, ದಾಸ್ತಾನಿಗೆ ಕಾವಲು ಬೇಕು, ಕುಲುಮೆಗೆ ಹೋಗುವ ಬಂದೂಕು ಒಂದು ನಗರವನ್ನಾದರೂ ಕಾಪಾಡಲಿ ಎಂದು ಎದುರುಪಕ್ಷದವರು ವಾದಿಸಬಹುದು. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಹಿಡಿದ ಮಾಲಿನಿಂದ ಹಿಡಿದವನಿಗೆ ಲಾಭವಾಗುವ ಪದ್ಧತಿಯೊಂದು ಬಳಕೆಗೆ ಬಂದಿತೆಂದರೆ, ಮುಂದೆ ಯಾವ ಹಡಗನ್ನು ತಡೆದರೂ ಅದು ಕಾವಲೋ ಕೊಳ್ಳೆಯೋ ಎಂಬ ಶಂಕೆ ಹುಟ್ಟುವುದು.

ಈ ಶಂಕೆ ಇದೇ ಕಡಲಿನಲ್ಲಿ ನೂರು ವರ್ಷಗಳ ಹಿಂದೆಯೂ ಹುಟ್ಟಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮಸ್ಕತ್ತು ಆಯುಧಗಳ ದೊಡ್ಡ ಸಂತೆಯಾಗಿತ್ತು. ಯೂರೋಪಿನಲ್ಲಿ ತಯಾರಾದ ಬಂದೂಕುಗಳು ಅಲ್ಲಿ ಇಳಿದು, ಹಡಗಿನಲ್ಲಿ ಮಕ್ರಾನ್ ತೀರಕ್ಕೂ ಅಲ್ಲಿಂದ ಒಂಟೆಗಳ ಮೇಲೆ ಆಫ್ಘಾನಿಸ್ತಾನಕ್ಕೂ ಹಿಂದೂಸ್ಥಾನದ ವಾಯವ್ಯ ಗಡಿಗೂ ಹೋಗುತ್ತಿದ್ದವು. ಈ ವ್ಯಾಪಾರದಲ್ಲಿ ಇಂಗ್ಲಿಷ್ ವರ್ತಕರೇ ಒಂದು ಕಾಲದಲ್ಲಿ ಮುಂದಾಗಿದ್ದರೆಂಬುದು ನೆನಪಿಡತಕ್ಕ ಸಂಗತಿ. ತಮ್ಮ ಸಿಪಾಯಿಗಳ ಮೇಲೆಯೇ ಗುಂಡು ಹಾರತೊಡಗಿದಾಗ ಬ್ರಿಟಿಷ್ ನೌಕಾಬಲ ಗಸ್ತು ಆರಂಭಿಸಿತು. ೧೯೧೦ರ ಡಿಸೆಂಬರಿನಲ್ಲಿ ಹಯಸಿಂತ್ ಎಂಬ ನೌಕೆಯವರು ಬಚ್ಚಿಟ್ಟ ಬಂದೂಕುಗಳ ಶೋಧಕ್ಕೆಂದು ದುಬೈ ಪಟ್ಟಣದಲ್ಲಿ ಇಳಿದರು. ಮನೆ ಹೊಕ್ಕು ಹುಡುಕಿದುದರಿಂದ ಕಾಳಗವೆದ್ದು ಹಲವರು ಮಡಿದರು, ನೌಕೆಯ ಫಿರಂಗಿಗಳು ಊರಿನ ಮೇಲೆ ಹಾರಿದವು. ತರುವಾಯ ಅಲ್ಲಿನ ಷೇಕನಿಂದ ಕೇಳಿದ ದಂಡವೇನು? ಐವತ್ತು ಸಾವಿರ ರೂಪಾಯಿ, ಮತ್ತು ನಾನೂರು ಬಂದೂಕುಗಳು!

ಇಷ್ಟೆಲ್ಲ ಫಿರಂಗಿಯಿಂದ ಆಗದ ಕೆಲಸ ಒಂದು ಉಗ್ರಾಣದಿಂದ ಆಯಿತು. ೧೯೧೨ರಲ್ಲಿ ಮಸ್ಕತ್ತಿನ ಸುಲ್ತಾನ ಫೈಸಲನು ಊರಿನ ಆಯುಧಗಳೆಲ್ಲ ಒಂದೇ ಸರಕಾರಿ ಉಗ್ರಾಣಕ್ಕೆ ಬರಬೇಕು, ರಹದಾರಿ ಇಲ್ಲದೆ ಒಂದೂ ಹೊರಕ್ಕೆ ಹೋಗಕೂಡದು ಎಂದು ವಿಧಿಸಿದನು. ಫ್ರೆಂಚರು ತಮ್ಮ ವರ್ತಕರ ಪರವಾಗಿ ೧೯೧೪ರವರೆಗೂ ತಕರಾರು ಮಾಡಿದರಾದರೂ ವ್ಯಾಪಾರ ಕುಗ್ಗಿಹೋಯಿತು. ಲೆಕ್ಕದ ಪುಸ್ತಕವಿರುವ ಕಡೆ ಕಳ್ಳಮಾಲಿಗೆ ಉಸಿರಾಡುವುದು ಕಷ್ಟ.

ನಮ್ಮ ದೇಶಕ್ಕೂ ಈ ವಿಷಯ ದೂರದ್ದಲ್ಲ. ೧೯೯೩ರ ಆರಂಭದಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ತೀರದಲ್ಲಿ ಇಳಿದ ಸ್ಫೋಟಕಗಳು ಮಾರ್ಚ್ ೧೨ರಂದು ಮುಂಬಯಿಯಲ್ಲಿ ೨೫೭ ಜನರ ಪ್ರಾಣ ತೆಗೆದವು. ಲಂಚ ತೆಗೆದುಕೊಂಡು ಕಣ್ಣು ಮುಚ್ಚಿದ ಸುಂಕದ ಅಧಿಕಾರಿಗಳೂ ಪೋಲೀಸಿನವರೂ ಮುಂದೆ ಶಿಕ್ಷೆಗೆ ಗುರಿಯಾದರು. ಆ ಬಳಿಕ ಪಶ್ಚಿಮ ತೀರದಲ್ಲಿ ನೌಕಾಬಲದ ವಿಶೇಷ ಗಸ್ತು ಏರ್ಪಟ್ಟಿತು. ಅದೇ ವರ್ಷದ ಜನವರಿಯಲ್ಲಿ ಬಂಗಾಳ ಕೊಲ್ಲಿಯ ಕಡೆ ನಮ್ಮವರು ತಡೆದ, ತಮಿಳು ಹುಲಿಗಳ ಅಹತ್ ಎಂಬ ಹಡಗನ್ನು ಅದರೊಳಗಿದ್ದವರೇ ಸ್ಫೋಟಿಸಿದರು. ವಿಲೇವಾರಿಯ ತೊಂದರೆಯನ್ನು ಸಮುದ್ರವೇ ಪರಿಹರಿಸಿತು. ಎಲ್ಲ ಸಲವೂ ಹಾಗಾಗದು.

೨೦೨೩ರ ನವೆಂಬರಿನಲ್ಲಿ ಭಾರತವು ಬಹರೇನಿನಲ್ಲಿ ಕೇಂದ್ರವಿರುವ ಬಹುರಾಷ್ಟ್ರ ನೌಕಾಪಡೆಯ ಪೂರ್ಣ ಸದಸ್ಯನಾಯಿತು. ಆ ಪಡೆಯ ಕಾರ್ಯಗಳಲ್ಲಿ ಅರಬ್ಬೀ ಸಮುದ್ರದ ಕಳ್ಳಸಾಗಾಣಿಕೆಯನ್ನು ತಡೆಯುವುದೂ ಒಂದು. ಯಾವುದೋ ಒಂದು ದಿನ ಭಾರತದ ನೌಕೆಯೊಂದರ ಅಟ್ಟದ ಮೇಲೆಯೂ ಎರಡು ಸಾವಿರ ಬಂದೂಕುಗಳು ಸಾಲಾಗಿ ಮಲಗಬಹುದು. ಆ ದಿನ ಬರುವ ಮುಂಚೆಯೇ ನಮ್ಮ ಸರಕಾರವು ಪಾರ್ಲಿಮೆಂಟಿನ ಮುಂದೆ ಒಂದು ಕ್ರಮವನ್ನು ಇಡತಕ್ಕದ್ದು: ಪ್ರತಿ ಆಯುಧದ ಸಂಖ್ಯೆಯನ್ನೂ ದಾಖಲಿಸಿ ಪಂಚನಾಮೆ ಮಾಡಬೇಕು, ರಾಷ್ಟ್ರಸಂಘದ ಪರೀಕ್ಷಕರಿಗೆ ತೋರಿಸಬೇಕು, ಪರೀಕ್ಷೆ ಮುಗಿದ ಇಂತಿಷ್ಟು ತಿಂಗಳೊಳಗೆ ಸಾಕ್ಷಿಗಳೆದುರು ಕರಗಿಸಬೇಕು, ಯಾವ ಮಿತ್ರನಿಗೂ ಕೊಡಕೂಡದು, ನಮ್ಮ ಸೈನ್ಯದ ಉಗ್ರಾಣಕ್ಕೂ ಸೇರಿಸಕೂಡದು. ಖರ್ಚನ್ನು ನೌಕಾಬಲದ ಆಯವ್ಯಯದಲ್ಲಿಯೇ ಬೇರೆ ಬಾಬ್ತಿನಲ್ಲಿ ತೋರಿಸಲಿ.