ಗಜ ಸಡಿಲವಾದ ಕೋವಿ

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲಿ ನಳಿಗೆಯ ಅಡಿಗೆ, ಮರದಲ್ಲಿ ಕೊರೆದ ಗಾಡಿಯೊಳಗೆ, ಉದ್ದನೆಯ ಕೋಲೊಂದು ಕುಳಿತಿರುತ್ತದೆ. ಅದೇ ಗಜ. ಮೊದಲು ಅಳತೆಯ ಮದ್ದು ಸುರಿದು, ಮೇಲೆ ಬಟ್ಟೆಯ ತುಂಡಿನೊಡನೆ ಗುಂಡನ್ನೋ, ಚರೆಯನ್ನೋ ಇಟ್ಟು, ಗಜದಿಂದ ತಳದವರೆಗೆ ಜಡಿದರೆ ಕೋವಿ ಈಡಿಗೆ ಸಿದ್ಧ. ಗುಂಡು ಮದ್ದಿನ ಮೇಲೆ ಒತ್ತಾಗಿ ಕೂರದೆ ನಡುವೆ ಎಲ್ಲೋ ನಿಂತರೆ ನಳಿಗೆ ಉಬ್ಬುವ, ಸಿಡಿಯುವ ಅಪಾಯವಿದೆ. ಆದ್ದರಿಂದ ಗಜವಿಲ್ಲದ ಕೋವಿ ಇದ್ದೂ ಇಲ್ಲದಂತೆ.

ಕೆಲಸವಿಲ್ಲದಾಗ ಈ ಕೋಲು ತನ್ನ ಜಾಗದಲ್ಲಿ ಅಲುಗದೆ ಇರಬೇಕು, ಬೇಕೆಂದಾಗ ಎರಡು ಬೆರಳಿಗೆ ಹೊರಗೆ ಬರಬೇಕು. ಹಿಡಿತ ತಪ್ಪಿದರೆ ಮೂತಿ ಕೆಳಗೆ ಮಾಡಿದ ಕೂಡಲೆ ಜಾರುತ್ತದೆ. ಈಡು ಹಾರಿದಾಗಲಂತೂ ಕೋವಿ ಹಿಂದಕ್ಕೆ ಒದೆಯುತ್ತದೆ, ಗಜ ಮಾತ್ರ ಜಡತ್ವದಿಂದ ಇದ್ದಲ್ಲೇ ಉಳಿಯುತ್ತದೆ. ಪ್ರತಿ ಈಡಿಗೂ ಅದು ಒಂದೊಂದು ಬೆರಳಿನಷ್ಟು ಮುಂದೆ ಸರಿದು ಕೊನೆಗೆ ಮೂತಿಯಿಂದಾಚೆಗೆ ಚಾಚಿಕೊಳ್ಳುತ್ತದೆ. ಕಾಡಿನ ನಡುವೆ ಗಜ ಕಳೆದುಕೊಂಡವನ ಕೋವಿಯಿಂದ ಎರಡನೆಯ ಈಡು ಹೊರಡುವುದಿಲ್ಲ.

ಹಿಡಿತ ಬರುವುದು ಮೂರು ಕಡೆಯಿಂದ. ಮೂತಿಯ ಕಡೆ ನಳಿಗೆಯ ಅಡಿಗೆ ಒಂದೆರಡು ಹಿತ್ತಾಳೆಯ ಅಥವಾ ಕಬ್ಬಿಣದ ಬಳೆಗಳಿರುತ್ತವೆ. ಗಜ ಅವುಗಳ ಮೂಲಕ ಹಾದು ಮರದೊಳಗಿನ ತೂತಿಗೆ ಇಳಿಯುತ್ತದೆ. ಆ ತೂತಿನ ಬಿಗಿತ ಎರಡನೆಯದು. ಮೂರನೆಯದು ಸೈನ್ಯದ ಕೋವಿಗಳಲ್ಲಿ ಕಾಣುವ ಉಪಾಯ: ಕೆಲವುಗಳಲ್ಲಿ ಗಜದ ತಲೆಯ ಕೆಳಗೆ ಸಣ್ಣ ಉಬ್ಬು ಕೊಟ್ಟು ಗಾಡಿಗೆ ಸಿಕ್ಕಿಕೊಳ್ಳುವಂತೆ ಮಾಡಿದ್ದಾರೆ, ಇನ್ನು ಕೆಲವುಗಳಲ್ಲಿ ಮರದೊಳಗೆ ಚಪ್ಪಟೆಯಾದ ಉಕ್ಕಿನ ಸ್ಪ್ರಿಂಗ್ ಕೂರಿಸಿ ಗಜವನ್ನು ಪಕ್ಕದಿಂದ ಒತ್ತಿಸಿದ್ದಾರೆ. ಉರಿಯುವ ಬತ್ತಿಯಿಂದ ಹಾರಿಸುವ ಭಾರತದ ಜಾಮಗಿ ಕೋವಿಗಳಲ್ಲಿ ಇಷ್ಟೆಲ್ಲ ಇರುವುದಿಲ್ಲ. ನಳಿಗೆಯನ್ನು ಮರಕ್ಕೆ ತೊಗಲಿನಿಂದಲೋ ಲೋಹದ ಪಟ್ಟಿಯಿಂದಲೋ ಬಿಗಿದಿರುತ್ತಾರೆ. ಗಜಕ್ಕೆ ಮರದೊಳಗಿನ ತೂತೇ ಗತಿ.

ಪುಣೆಯ ಸುತ್ತ ಇಂಥ ಕೋವಿಗಳ ಕಥೆ ದೊಡ್ಡದು. 1817ರ ನವೆಂಬರ್ 5ರಂದು ಖಡ್ಕಿಯಲ್ಲಿ ಪೇಶ್ವೆ ಎರಡನೆಯ ಬಾಜೀರಾಯನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಎದುರಿಸಿದಾಗ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಮಸ್ಕೆಟ್, ಅದರ ಅಡಿಗೆ ಉಕ್ಕಿನ ಗಜ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಯುರೋಪಿನಲ್ಲೂ ಮರದ ಗಜವೇ ಇತ್ತು; ಅವಸರದಲ್ಲಿ ಜಡಿಯುವಾಗ ಅದು ಮುರಿಯುತ್ತದೆ ಎಂದು 18ನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರಷ್ಯಾದ ಸೈನ್ಯ ಕಬ್ಬಿಣಕ್ಕೆ ಬದಲಾಯಿತು, ಮಿಕ್ಕವರು ಹಿಂಬಾಲಿಸಿದರು. ಮುಂದೆ ಬಂದ, ಬಾಯಿಯಿಂದಲೇ ತುಂಬುವ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ಗೆ 39 ಇಂಚಿನ ನಳಿಗೆ, .577 ಇಂಚಿನ ಬಾಯಿ. 1857ರ ದಂಗೆಗೆ ಕಿಡಿಯಾದ ತೋಟಾಗಳು ಇದರವೇ. 1866ರಿಂದ ಅದೇ ರೈಫಲ್‌ಗಳನ್ನು ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಆಗಿ ಮಾರ್ಪಡಿಸಲು ತೊಡಗಿದರು. 1869ರಲ್ಲಿ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಗುವ ಹೊತ್ತಿಗೆ ಸೈನ್ಯದಲ್ಲಿ ಗಜದ ಕೆಲಸ ನಳಿಗೆ ಒರೆಸುವುದಕ್ಕೆ ಇಳಿಯತೊಡಗಿತ್ತು. ರೈತರ, ಬೇಟೆಗಾರರ ಕೇಪಿನ ಕೋವಿಗಳಲ್ಲಿ ಮಾತ್ರ ಅದು ಮುಂದುವರಿಯಿತು. ಮಲೆನಾಡಿನಲ್ಲೂ ಕೊಡಗಿನಲ್ಲೂ ಇಂದಿಗೂ ಇದೆ.

ಸಡಿಲಾಗುವುದು ಏಕೆ? ಮರದ ಗಜವಾದರೆ ಮೊದಲು ಅನುಮಾನಿಸಬೇಕಾದದ್ದು ಹವೆಯನ್ನು. ಪುಣೆಯಲ್ಲಿ ಆಗಸ್ಟಿನ ಬೆಳಗಿನ ಹೊತ್ತು ಗಾಳಿಯ ತೇವ ಶೇ 80 ದಾಟುತ್ತದೆ, ಏಪ್ರಿಲ್ ಮಧ್ಯಾಹ್ನ ಶೇ 25ಕ್ಕೂ ಕೆಳಗೆ ಬೀಳುವುದು ಸಾಮಾನ್ಯ. ಮರ ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಗಜದಲ್ಲಿ ಇದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರ. ಆದರೆ ಹಿತ್ತಾಳೆಯ ಬಳೆ ಹವೆಗೆ ತಕ್ಕಂತೆ ಕುಗ್ಗುವುದಿಲ್ಲವಲ್ಲ, ಹಿಡಿತ ತಪ್ಪಲು ಅಷ್ಟೇ ಸಾಕು. ಮಹಾರಾಷ್ಟ್ರದಲ್ಲಿ ಆಯುಧಗಳನ್ನು ಹೊರತೆಗೆದು ಒರೆಸುವುದು ಖಂಡೇನವಮಿಗೆ, ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ. ಎರಡೂ ಮಳೆ ಕುಡಿದ ಮರ ಊದಿಕೊಂಡಿರುವ ಕಾಲ. ಆಗ ಗಜ ಬಿಗಿಯಾಗಿಯೇ ಇರುತ್ತದೆ, ನೋಡಿದವರು ನೆಮ್ಮದಿಯಿಂದ ಒಳಗಿಡುತ್ತಾರೆ. ದೋಷ ಬಯಲಾಗುವುದು ಬೇಸಿಗೆಯಲ್ಲಿ. ಹಾಗೆಂದು ಬೇಸಿಗೆಯಲ್ಲೇ ಪೂರ್ತಿ ಬಿಗಿ ಮಾಡಿಬಿಟ್ಟರೆ ಶ್ರಾವಣದಲ್ಲಿ ಗಜ ಕಚ್ಚಿಕೊಂಡು ಎಳೆದರೂ ಬರುವುದಿಲ್ಲ. ಈ ಕಾರಣಕ್ಕೆ ಬೇಸಿಗೆಯ ರಿಪೇರಿಯಲ್ಲಿ ಸ್ವಲ್ಪ ಸಡಿಲನ್ನು ಉಳಿಸಲೇಬೇಕು.

ಕಬ್ಬಿಣದ ಗಜದ ಮಾತು ಬೇರೆ. ಅದು ಋತುವಿಗೆ ಜಗ್ಗುವುದಿಲ್ಲ. ಅದು ಸಡಿಲಾಗಿದ್ದರೆ ಒಳಗಿನ ಸ್ಪ್ರಿಂಗ್ ಮುರಿದಿದೆ, ತುಕ್ಕು ತಿಂದಿದೆ ಅಥವಾ ಹಿಂದೆ ಯಾರೋ ಕಳಚಿ ಮರಳಿ ಹಾಕಿಲ್ಲ ಎಂದರ್ಥ. ಮತ್ತೊಂದು ಮಾಮೂಲಿ ಕಾರಣವೆಂದರೆ ಬೇರೆ ಕೋವಿಯ ಗಜ. ಹಳೆಯ ಮನೆಗಳಲ್ಲಿ ಕಳೆದುಹೋದ ಗಜದ ಜಾಗಕ್ಕೆ ಸಿಕ್ಕಿದ ಸಳಾಕೆಯನ್ನು ತುರುಕಿಟ್ಟಿರುವುದು ಅಪರೂಪವಲ್ಲ.

ಯಾವ ರಿಪೇರಿಗೂ ಮೊದಲು ನಳಿಗೆ ಖಾಲಿ ಇದೆಯೆ ಎಂದು ನೋಡಬೇಕು. ತಲೆಮಾರುಗಳಿಂದ ಗೋಡೆಯ ಮೇಲಿದ್ದ ಕೋವಿಗಳಲ್ಲಿ ಮದ್ದು, ಗುಂಡು ಹಾಗೆಯೇ ಉಳಿದಿರುವುದು ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳವರ ಅನುಭವ. ಒಣಗಿದ ಕಪ್ಪು ಮದ್ದಿಗೆ ವಯಸ್ಸಾಗುವುದಿಲ್ಲ. ಕೇಪು ಇದ್ದರೆ ತೆಗೆದು, ಮೂತಿಯ ಎದುರು ಯಾರೂ ನಿಲ್ಲದಂತೆ ನೋಡಿಕೊಂಡು, ಗಜವನ್ನು ನಿಧಾನವಾಗಿ ನಳಿಗೆಯೊಳಗೆ ಬಿಟ್ಟು ಮೂತಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಬೇಕು. ಆಮೇಲೆ ಅದೇ ಗಜವನ್ನು ನಳಿಗೆಯ ಹೊರಗೆ ಪಕ್ಕಕ್ಕೆ ಹಿಡಿದು ನೋಡಬೇಕು. ಗಜದ ತುದಿ ಕಿಡಿ ತಾಗುವ ಕಿಂಡಿಯ ಹತ್ತಿರಕ್ಕೆ ಬಂದರೆ ನಳಿಗೆ ಖಾಲಿ. ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಅಲ್ಲಿಗೆ ಕೈ ಬಿಟ್ಟು ಪರವಾನಗಿಯುಳ್ಳ ಕೋವಿ ರಿಪೇರಿಯವರಿಗೆ ಒಪ್ಪಿಸುವುದೇ ದಾರಿ.

ಖಾಲಿ ಎಂದು ಖಚಿತವಾದ ಮೇಲೆ ಸಡಿಲು ಎಲ್ಲಿದೆ ಎಂದು ಹುಡುಕಬೇಕು. ಗಜಕ್ಕೆ ತೆಳುವಾಗಿ ಸೀಮೆಸುಣ್ಣದ ಪುಡಿ ಸವರಿ, ಒಳಗೆ ಬಿಟ್ಟು, ತಿರುಗಿಸದೆ ಹೊರಗೆ ಎಳೆದರೆ ಉಜ್ಜಿದ ಜಾಗದಲ್ಲಿ ಪುಡಿ ಅಳಿಸಿರುತ್ತದೆ. ಎಲ್ಲಿಯೂ ಅಳಿಸದಿದ್ದರೆ ಗಜವೇ ಸಣ್ಣದು. ಒಳತುದಿಯಲ್ಲಿ ಮಾತ್ರ ಅಳಿಸಿದ್ದರೆ ಬಳೆಗಳು ಅಗಲವಾಗಿವೆ. ಇದನ್ನು ತಿಳಿಯದೆ ರಿಪೇರಿಗೆ ಇಳಿದವರು ಸಾಮಾನ್ಯವಾಗಿ ಸರಿಯಾಗಿರುವ ಭಾಗವನ್ನೇ ಕೆಡಿಸುತ್ತಾರೆ.

ಮರದ ಗಜಕ್ಕೆ ಎಲ್ಲಕ್ಕಿಂತ ಸೌಮ್ಯವಾದ ಮದ್ದು ಜೇನುಮೇಣ. ಒಳತುದಿಗೆ ಮೇಣ ಉಜ್ಜಿದರೆ ಅಂಟಿನ ಹಿಡಿತ ಬರುತ್ತದೆ, ಅಲ್ಪ ಸಡಿಲಿಗೆ ಅದೇ ಸಾಕು. ಸಾಲದಿದ್ದರೆ ತುದಿಯಿಂದ ಎರಡಂಗುಲ ಬಿಟ್ಟು ಮೇಣ ಹಚ್ಚಿದ ಹತ್ತಿಯ ನೂಲನ್ನು ಸುರುಳಿ ಒತ್ತೊತ್ತಾಗಿ, ಒಂದರ ಮೇಲೊಂದು ಏರದಂತೆ, ಅರ್ಧ ಅಂಗುಲದಷ್ಟು ಸುತ್ತಬೇಕು. ಗಂಟು ಕಟ್ಟದೆ ಕೊನೆಯನ್ನು ಸುರುಳಿಗಳ ಅಡಿಗೆ ತೂರಿಸಿ ಎಳೆಯುವುದು ಒಳ್ಳೆಯದು. ಕಡಿಮೆ ಸುತ್ತಿ ನೋಡಿ ಆಮೇಲೆ ಹೆಚ್ಚಿಸುವುದೇ ಜಾಣತನ. ಮಳೆಗಾಲದಲ್ಲಿ ಬಿಗಿಯಾದರೆ ನಾಲ್ಕು ಸುತ್ತು ಬಿಚ್ಚಬಹುದು. ತೂತಿನ ಬಾಯಿ ಅಗಲವಾಗಿದ್ದರೆ ತೆಳ್ಳನೆಯ ತೊಗಲಿನ ಪಟ್ಟಿಯನ್ನು ಒಳಗೋಡೆಗೆ ಮರದ ಅಂಟಿನಿಂದ ಅಂಟಿಸುತ್ತಾರೆ. ತೊಗಲು ಒತ್ತಿದರೆ ಅಡಗುತ್ತದೆ, ಬಿಟ್ಟರೆ ಚೇತರಿಸಿಕೊಳ್ಳುತ್ತದೆ, ಋತುವಿನ ಏರಿಳಿತ ಅದರಲ್ಲೇ ಇಂಗಿಹೋಗುತ್ತದೆ. ಎಪಾಕ್ಸಿ ಅಂಟಿನ ಆಸೆಯಂತೂ ಬೇಡ: ಗಟ್ಟಿಯಾದ ಮೇಲೆ ಅದನ್ನು ಕೆರೆಯಬೇಕೆಂದರೆ ಮರವನ್ನೇ ಕೆರೆಯಬೇಕು.

ಅಗಲವಾದ ಬಳೆಯನ್ನು ಇಕ್ಕಳದಿಂದ ಅಮುಕುವುದು ಪರಿಣತರ ಕೆಲಸ. ಒಳಗೆ ಗಜಕ್ಕಿಂತ ಕೂದಲೆಳೆ ದಪ್ಪನೆಯ ಉಕ್ಕಿನ ಸರಳನ್ನಿಟ್ಟು, ಇಕ್ಕಳದ ಹಲ್ಲಿಗೆ ತೊಗಲು ಸುತ್ತಿ, ಅತಿ ಮೆಲ್ಲಗೆ ಒತ್ತುತ್ತಾರೆ. ಹಳೆಯ ಎರಕದ ಹಿತ್ತಾಳೆ ಒಮ್ಮೆಗೇ ಬಿರಿಯಬಹುದು. ಮುರಿದ ಸ್ಪ್ರಿಂಗನ್ನು ಬದಲಿಸಲು ನಳಿಗೆಯನ್ನು ಮರದಿಂದ ಬಿಡಿಸಬೇಕಾಗುತ್ತದೆ, ಅದು ಅಡುಗೆಮನೆಯ ಮೇಜಿನ ಮೇಲೆ ಮಾಡುವಂಥದ್ದಲ್ಲ.

ಇನ್ನೊಂದು ಬಗೆಯ ಸಡಿಲು ಇವೆಲ್ಲಕ್ಕಿಂತ ಕೇಡಿನದು. ಮರದ ಗಜದ ತುದಿಗೆ ಹಿತ್ತಾಳೆಯ ಟೋಪಿ ಇರುತ್ತದೆ. ಒರೆಸುವ ಬಟ್ಟೆ, ಗುಂಡು ಕೀಳುವ ತಿರುಪು ಎಲ್ಲ ಅದಕ್ಕೇ ಸೇರುವುದು. ಅದನ್ನು ಬರಿ ಅಂಟಿನಿಂದ ಕೂರಿಸಿದ್ದರೆ ಒಂದು ದಿನ ನಳಿಗೆಯ ತಳದಲ್ಲೇ ಉಳಿದುಬಿಡುತ್ತದೆ. ಟೋಪಿಯ ಮೂಲಕ ಅಡ್ಡಲಾಗಿ ಸಣ್ಣ ತೂತು ಕೊರೆದು, ಹಿತ್ತಾಳೆಯ ಪಿನ್ನು ತೂರಿಸಿ, ಎರಡೂ ಬದಿ ಬಡಿದು ಅರದಿಂದ ಮಟ್ಟ ಮಾಡಿದರೆ ಆ ಭಯವಿಲ್ಲ. ಹೊಸ ಗಜ ಮಾಡಿಸುವವರು ಮರದ ಎಳೆ ತುದಿಯಿಂದ ತುದಿಗೆ ನೇರವಾಗಿ ಓಡುತ್ತದೆಯೆ ಎಂದು ನೋಡಲೇಬೇಕು. ಎಳೆ ನಡುವೆ ಪಕ್ಕಕ್ಕೆ ಹೊರಳಿದ್ದರೆ ಜಡಿಯುವಾಗ ಗಜ ಓರೆಯಾಗಿ ಸೀಳಿ ಅಂಗೈಗೆ ಇಳಿಯುತ್ತದೆ.

ಕಾನೂನಿನ ಕಡೆಗೂ ಗಮನ ಬೇಕು. 1959ರ ಆಯುಧ ಕಾಯ್ದೆಯಂತೆ ಕೇಪಿನ ಕೋವಿಗೂ ಪರವಾನಗಿ ಬೇಕು, ವ್ಯಾಪಾರಕ್ಕಾಗಿ ಆಯುಧ ರಿಪೇರಿ ಮಾಡುವವರಿಗೂ ಬೇಕು. ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ 45ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಪುಣೆಯ ಹಳೆಯ ವಾಡೆಯ ಕೋವಿಗೆ ಅದು ಅನ್ವಯಿಸುವುದಿಲ್ಲ. ನೂರು ವರ್ಷ ದಾಟಿದ ಕೋವಿ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೂ ಬರಬಹುದು. ಅಂಥದಕ್ಕೆ ನೂಲು, ಮೇಣಗಳಾಚೆಗೆ ಏನೂ ಮಾಡದಿರುವುದೇ ಲೇಸು. ಮೂಲ ಗಜವನ್ನು ಕೆತ್ತಿದರೆ, ಬಳೆಯನ್ನು ಅಮುಕಿದರೆ ಅದರ ಬೆಲೆಯೂ ಹೋಗುತ್ತದೆ, ಕಾಲನಿರ್ಣಯಕ್ಕೆ ಇದ್ದ ಸಾಕ್ಷ್ಯವೂ ಹೋಗುತ್ತದೆ.

ಕೆಲಸ ಮುಗಿದ ಮೇಲೆ ಮೂತಿ ಕೆಳಗೆ ಮಾಡಿ ಕೋವಿಯ ಹಿಂಭಾಗವನ್ನು ಅಂಗೈಯಿಂದ ನಾಲ್ಕಾರು ಸಲ ತಟ್ಟಬೇಕು. ಗಜ ಸರಿಯದಿದ್ದರೆ, ಎರಡು ಬೆರಳಿನಿಂದ ಎಳೆದಾಗ ಒಂದೇ ಸಮನೆ ಬಂದರೆ ರಿಪೇರಿ ಆಯಿತು. ಇದೇ ಪರೀಕ್ಷೆಯನ್ನು ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಆಗಸ್ಟ್‌ನಲ್ಲಿ ಮಾಡಿ ನೂಲಿನ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.