ಲಂಡನ್‌ಗೆ ಹೊರಡುವ ಮುನ್ನ ಕಾಗದಪತ್ರ ನೋಡಿಕೊಳ್ಳಿ

ಘಟ್ಟದ ಕೆಳಗಿಂದ ವ್ಯಾಪಾರಕ್ಕೆಂದು ಬಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನೆಲೆ ನಿಂತ ನಮ್ಮಂಥ ಮನೆಗಳಿಗೆ ಪ್ರಯಾಣ ಹೊಸದಲ್ಲ. ಊರಿಗೆ, ಗಲ್ಫಿಗೆ, ಉಮ್ರಾಕ್ಕೆ ಹೋಗಿ ಗೊತ್ತು. ಆದರೆ ತಂಗಿಗೆ ಲಂಡನ್‌ನಲ್ಲಿ ಹೆರಿಗೆಯಾಗಿ, 'ಮಗುವಿನ ಮುಖ ನೋಡ್ಬೇಕು' ಅಂತ ಉಮ್ಮ ಹಟ ಹಿಡಿದಾಗಲೇ ಗೊತ್ತಾದದ್ದು, ಈ ದಾರಿಯೇ ಬೇರೆ ಎಂದು. ಉಮ್ಮನದು ಒಂದೇ ಷರತ್ತು: 'ಉಮ್ರಾಕ್ಕೆ ಎತ್ತಿಟ್ಟ ದುಡ್ಡು ಮುಟ್ಟಬೇಡಿ.'

ಮೊದಲ ತಪ್ಪು ನಮ್ಮದೇ. 'ಒಂದೇ ವೀಸಾದಲ್ಲಿ ಪ್ಯಾರಿಸ್, ಲಂಡನ್ ಎರಡೂ ನೋಡ್ಬಹುದು' ಎಂದ ಏಜೆಂಟ್ ಒಬ್ಬರ ಮಾತು ನಂಬಿ ಮುಂಗಡ ಕೊಟ್ಟೆವು. ಪ್ಯಾರಿಸ್‌ಗೆ ಷೆಂಗೆನ್ ವೀಸಾ, ಲಂಡನ್‌ಗೆ ಬ್ರಿಟನ್ನಿನದೇ ವೀಸಾ. ಒಂದು ಇನ್ನೊಂದಕ್ಕೆ ನಡೆಯದು. ಕೊಟ್ಟ ಹಣದಲ್ಲಿ ಅರ್ಧವೂ ವಾಪಸ್ ಬರಲಿಲ್ಲ.

ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಹೊರಡುವ ದಿನಕ್ಕಿಂತ 3 ತಿಂಗಳು ಮೊದಲಿನಿಂದ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಬಳಿಕ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರುತ್ತದೆ. ಸಿಕ್ಕರೆ 6 ತಿಂಗಳವರೆಗೆ ಇರಬಹುದು. ವೀಸಾ ಕೈಗೆ ಬರುವ ಮೊದಲೇ ಟಿಕೆಟ್‌ಗೆ ದುಡ್ಡು ಸುರಿಯಬೇಡಿ.

ಪಹಣಿ, ಅಂಗಡಿ ಪರವಾನಗಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ. ಕೈಸಾಲ ತಂದು ಖಾತೆಗೆ ಒಮ್ಮೆಲೇ ತುಂಬಿಸಿದ ಹಣ ಅನುಮಾನಕ್ಕೆ ದಾರಿ. ದುಡ್ಡು ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಇರಬೇಕು. ನಮ್ಮವರಲ್ಲಿ ದೊಡ್ಡ ತೊಡಕು ಹೆಸರಿನದು. ಉಮ್ಮನಿಗೆ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರೂ ಸೇರಿ ಇನ್ನೊಂದು. ಅದನ್ನು ಸರಿಪಡಿಸಲಿಕ್ಕೇ ತಿಂಗಳುಗಳು ಹಿಡಿದವು.

ಹವಾಮಾನವನ್ನೂ ಲೆಕ್ಕ ಹಾಕಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ನಂತರ. ಇಶಾ ಮುಗಿಸಿ ಕಣ್ಣು ಮುಚ್ಚುವಷ್ಟರಲ್ಲಿ ಸುಬಹಿ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೆಲ್ಲ ಮಗ್ರಿಬ್, ಮೇಲೆ ಚಳಿ. ವಯಸ್ಸಾದವರಿಗೆ ಏಪ್ರಿಲ್ ಅಥವಾ ಸೆಪ್ಟೆಂಬರ್ ಹಿತ. ತುಪ್ಪ, ಮಾಂಸದ ಉಪ್ಪಿನಕಾಯಿ ಕಟ್ಟಿಕೊಂಡು ಹೋಗುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ವೈಟ್‌ಚಾಪೆಲ್ ಕಡೆ ಹಲಾಲ್ ಊಟಕ್ಕೆ ಕೊರತೆಯಿಲ್ಲ, ಈಸ್ಟ್ ಲಂಡನ್ ಮಸೀದಿಯೂ ಅಲ್ಲೇ. ಸಿಟಿ ಬಸ್ಸಿನಲ್ಲಿ 2014ರಿಂದ ನಗದು ನಡೆಯದು, ಕಾರ್ಡ್ ಬೇಕು.

ನೋಡುವುದಕ್ಕೆ ದುಡ್ಡೇ ಬೇಕೆಂದಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಅದರ ಸಂಗ್ರಹದಲ್ಲಿದೆ. ಯಾವ ಕೋಣೆಯಲ್ಲಿಟ್ಟಿದ್ದಾರೆ ಎಂದು ಮೊದಲೇ ವಿಚಾರಿಸಿಕೊಳ್ಳಿ. 1779ರಲ್ಲಿ ಹೈದರಾಲಿ ಗೆದ್ದ ಕೋಟೆಯ ನೆರಳಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಅದು ದೂರದ ಕತೆಯಲ್ಲ. ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯೂ ಇದೆ.

ಉಮ್ಮನ ಪಾಸ್‌ಪೋರ್ಟ್ ಈಗ ಸರಿಯಾಗಿದೆ. ಉಮ್ರಾದ ದುಡ್ಡು ಹಾಗೇ ಇದೆ. ಏಜೆಂಟ್ ಇಲ್ಲದೆ ನಾವೇ ಕೂತು ಅರ್ಜಿ ತುಂಬಿದ್ದೇವೆ. ಮಗು ನಡೆಯಲು ಕಲಿಯುವ ಮೊದಲು ಉಮ್ಮ ಅಲ್ಲಿರಬೇಕು ಎಂಬುದೊಂದೇ ನಮ್ಮ ದುಆ.