ಒಳಮನೆಯ ಒಪ್ಪ ಓರಣ

ಮನೆ ಕಟ್ಟಿಸುವವರು ಸಾಮಾನ್ಯವಾಗಿ ಎರಡು ಸಲ ಹಣ ಖರ್ಚು ಮಾಡುತ್ತಾರೆ. ಮೊದಲನೆಯದು ಗೋಡೆ, ಚಾವಣಿಗಳನ್ನು ನಿಲ್ಲಿಸುವುದಕ್ಕೆ. ಎರಡನೆಯದು ಆ ಗೋಡೆ, ಚಾವಣಿಗಳಲ್ಲಿ ಆದ ತಪ್ಪುಗಳನ್ನು ಮರೆಮಾಡುವುದಕ್ಕೆ. ಈ ಎರಡನೆಯ ಖರ್ಚಿಗೆ ನಮ್ಮಲ್ಲಿ ಒಳಾಂಗಣ ಅಲಂಕಾರ ಎಂಬ ಸೊಗಸಾದ ಹೆಸರಿದೆ. ಈ ವಿಷಯವನ್ನು ಕುರಿತು ನಾಲ್ಕು ಮಾತು ಆಡಲು ನನಗಿರುವ ಅರ್ಹತೆ ಬಹಳ ಸಣ್ಣದು. ನಾನು ವಾಸ್ತುಶಿಲ್ಪಿಯಲ್ಲ, ಮೇಷ್ಟರಾಗಿ ನಿವೃತ್ತನಾದವನು. ಮೈಸೂರಿನಲ್ಲಿ ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಒಂದು ಮನೆ ಕಟ್ಟಿಸಿ, ಕಟ್ಟಿಸಿದ ತಪ್ಪುಗಳನ್ನು ಅದರೊಳಗೇ ವಾಸಮಾಡಿ ತಿಳಿದುಕೊಂಡವನು.

ಗೃಹಪ್ರವೇಶವಾದ ಮೂರನೆಯ ದಿನ ಬಂಧುಗಳೆಲ್ಲ ಹೊರಟುಹೋದ ಮೇಲೆ ನನ್ನ ತಾಯಿ ಹಜಾರದ ನಡುವೆ ನಿಂತು ಸುತ್ತ ನೋಡಿದರು. ಹೊಸ ಸೋಫಾ ಇತ್ತು, ಗಾಜಿನ ಬಾಗಿಲಿನ ಷೋಕೇಸ್ ಇತ್ತು, ಮುಖ ಕಾಣುವಷ್ಟು ಹೊಳೆಯುವ ನೆಲವಿತ್ತು. "ಎಲ್ಲಾ ಚೆನ್ನಾಗಿದೆ ಮಗು, ನಾನು ಎಲ್ಲಿ ಕೂತ್ಕೊಳ್ಳಲಿ?" ಎಂದರು. ಸೋಫಾ ತೋರಿಸಿದೆ. ಅವರು ಅದರ ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವರ ಹಾಗೆ ಕುಳಿತರು. ಆ ಪ್ರಶ್ನೆಯ ಅರ್ಥ ನನಗಾಗಲು ಒಂದು ವರ್ಷ ಹಿಡಿಯಿತು.

ಅವರು ಬಾಳಿ ಬಂದದ್ದು ಮಲೆನಾಡಿನ ತೊಟ್ಟಿಮನೆಯಲ್ಲಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಜಗಲಿ, ಜಗಲಿಯ ಹಿಂದೆ ಕೋಣೆಗಳು. ತೊಟ್ಟಿ ಎಂಬುದು ಬರಿಯ ಅಂದಕ್ಕಲ್ಲ. ಹೊರಗೋಡೆಗಳಲ್ಲಿ ಕಿಟಕಿಗಳು ಚಿಕ್ಕವಾಗಿದ್ದರೂ ಮನೆಯ ನಟ್ಟನಡುವಿಗೆ ಬೆಳಕು ಮೇಲಿನಿಂದ ಇಳಿಯುತ್ತಿತ್ತು. ಬಿಸಿಯಾದ ಗಾಳಿ ಅಲ್ಲಿಂದಲೇ ಏರಿ ಹೋಗುತ್ತಿತ್ತು. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು, ಒಂದರ ಮೇಲೊಂದು ಕೂತರೂ ನಡುವೆ ಕೂದಲೆಳೆಯ ಸಂದು ಬಿಡುತ್ತದೆ. ಮಳೆ ಒಳಗೆ ಬರುವುದಿಲ್ಲ, ಬಿಸಿಗಾಳಿ ಹೊರಗೆ ಹೋಗುತ್ತದೆ. ಜಗಲಿಯಾದರೋ ಅಡಿಗೆ ಮನೆಗೂ ಅಂಗಳಕ್ಕೂ ನಡುವಿನ ಜಾಗ. ಅಲ್ಲಿ ಕುಳಿತ ಮುದುಕಿಗೆ ಬಂದವರು, ಹೋದವರು, ಒಲೆಯ ಮೇಲೆ ಉಕ್ಕುತ್ತಿರುವ ಹಾಲು ಎಲ್ಲವೂ ಕಾಣುತ್ತಿದ್ದವು.

ಹಾಗೆಂದು ಹಳೆಯ ಮನೆಯನ್ನು ಹೊಗಳುತ್ತ ಕೂರುವುದೂ ನ್ಯಾಯವಲ್ಲ. ಅದೇ ಮನೆಯ ಅಡಿಗೆ ಕೋಣೆ ಹೊಗೆಯಿಂದ ಕಪ್ಪಾಗಿತ್ತು. ನನ್ನ ಅಜ್ಜಿಯ ಕಣ್ಣು ಸದಾ ಕೆಂಪಗಿದ್ದುದನ್ನು ನಾನು ಕಂಡಿದ್ದೇನೆ. ಬಾಣಂತಿಯ ಕೋಣೆ ಹಗಲಲ್ಲೂ ಕತ್ತಲೆ. ಸೌದೆ, ಬೆರಣಿ, ಸೀಮೆಎಣ್ಣೆಗಳ ಹೊಗೆಯಿಂದ ಕೆಟ್ಟ ಮನೆಯೊಳಗಿನ ಗಾಳಿಯೇ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು, ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳಿಸುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆ ಎಂಬ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಯಿತು. ನನ್ನ ಎಣಿಕೆಯಲ್ಲಿ ಒಳಾಂಗಣದ ನಿಜವಾದ ಅಲಂಕಾರ ಅದು.

ಈಗ ಪೇಟೆಯ ಮನೆಗೆ ಬರೋಣ. ಮೊದಲನೆಯ ಪ್ರಶ್ನೆ ಬೆಳಕಿನದು. ಕೋಣೆಯ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ಕಿಟಕಿಯ ತೆರಪು ಎಷ್ಟಿರಬೇಕೆಂಬುದಕ್ಕೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲೆಕ್ಕವಿದೆ: ಒಣ ಬಿಸಿಯ ಸೀಮೆಯಲ್ಲಿ ಹತ್ತರಲ್ಲಿ ಒಂದು ಪಾಲು, ಕರಾವಳಿಯಂಥ ತೇವದ ಬಿಸಿಯಲ್ಲಿ ಆರರಲ್ಲಿ ಒಂದು ಪಾಲು. ಆದರೆ ವಿಸ್ತೀರ್ಣವೊಂದೇ ಸಾಲದು, ಎತ್ತರವೂ ಮುಖ್ಯ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಓದುವಷ್ಟು ತಲುಪುತ್ತದೆ. ಏಳಡಿಯ ಮೇಲಂಚಿದ್ದರೆ ಹದಿನಾಲ್ಕರಿಂದ ಹದಿನೇಳು ಅಡಿ. ಅದರ ಆಚೆಗಿನ ಮೂಲೆಗೆ ಎಷ್ಟು ತೆಳುಬಣ್ಣ ಬಳಿದರೂ ಮಧ್ಯಾಹ್ನವೇ ದೀಪ ಹಚ್ಚಬೇಕು. ನಾನು ಓದುವ ಮೇಜನ್ನು ಇಟ್ಟದ್ದು ಅಂಥ ಮೂಲೆಯಲ್ಲಿ, ಏಕೆಂದರೆ ಕಿಟಕಿಯ ಪಕ್ಕವನ್ನು ಷೋಕೇಸಿಗೆ ಕೊಟ್ಟಿದ್ದೆ! ಬೊಂಬೆಗಳು ಬೆಳಕಿನಲ್ಲಿದ್ದವು, ಪುಸ್ತಕ ಓದುವವನು ಕತ್ತಲೆಯಲ್ಲಿದ್ದ.

ಯಾವ ದಿಕ್ಕಿನ ಕಿಟಕಿ ಎಂಬ ಪ್ರಶ್ನೆಯನ್ನು ನಮ್ಮವರು ಜೋಯಿಸರಿಗೆ ಬಿಟ್ಟುಬಿಡುತ್ತಾರೆ. ಸೂರ್ಯನನ್ನೇ ಕೇಳುವುದು ಮೇಲು. ಮೈಸೂರಿನ ಅಕ್ಷಾಂಶದಲ್ಲಿ ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟಿನ ಉತ್ತರಾರ್ಧದಲ್ಲೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನಡುವಿನ ತಿಂಗಳುಗಳಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲುತ್ತಾನೆ. ಆದುದರಿಂದ ಬೇಸಿಗೆಯ ಉರಿಬಿಸಿಲಿನಲ್ಲಿ ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜೆ ಧಾರಾಳವಾಗಿ ಸಾಕು. ಡಿಸೆಂಬರಿನಲ್ಲಿಯೋ, ಅವನು ನಡುಹಗಲಲ್ಲೂ ಸುಮಾರು 54 ಅಂಶದಷ್ಟೇ ಏರುತ್ತಾನೆ. ಆಗ ಅದೇ ಸಜ್ಜೆಯ ಕೆಳಗಿನಿಂದ ಎಳೆಬಿಸಿಲು ಕೋಣೆಯೊಳಕ್ಕೆ ಬಂದು ಬೀಳುತ್ತದೆ. ದಕ್ಷಿಣವೆಂದರೆ ಯಮನ ದಿಕ್ಕೆಂದು ಅಲ್ಲಿ ಕಿಟಕಿಯನ್ನೇ ಇಡಿಸದವರು ಚಳಿಗಾಲದ ಈ ಬಿಸಿಲನ್ನು ಕಳೆದುಕೊಳ್ಳುತ್ತಾರೆ.

ತೊಡಕಿನ ದಿಕ್ಕು ಪಡುವಣ. ಸಂಜೆಯ ಸೂರ್ಯ ಕೆಳಗಿಳಿದು ಅಡ್ಡವಾಗಿ ನುಗ್ಗುವುದರಿಂದ ಎಂಥ ಸಜ್ಜೆಯೂ ಅವನನ್ನು ತಡೆಯಲಾರದು. ಹಾಗೆಂದು ಪಡುವಣ ಗೋಡೆಯನ್ನು ಪೂರ್ತಿ ಮುಚ್ಚಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯಿಂದಲೇ ಬೀಸುವ ಮುಂಗಾರಿನ ತಂಪು ಗಾಳಿಗೂ ಬಾಗಿಲು ಹಾಕಿದ ಹಾಗಾಯಿತು. ಇಲ್ಲಿ ಬೇಕಾದುದು ಗಾಳಿಯನ್ನು ಬಿಟ್ಟು ಬಿಸಿಲನ್ನು ಸೋಸುವ ಉಪಾಯ: ಜಾಲಂಧ್ರ, ಬಿದಿರಿನ ತಟ್ಟಿ, ಲಾವಂಚದ ಪರದೆ ಅಥವಾ ಹೊರಗೊಂದು ಮರ. ಪರದೆ ಕಿಟಕಿಯ ಹೊರಗಿರಬೇಕೆಂಬುದನ್ನು ಮರೆಯಬಾರದು. ಗಾಜಿನ ಒಳಗೆ ತೂಗುವ ದಪ್ಪ ಬಟ್ಟೆಯ ಪರದೆ ಬಿಸಿಲನ್ನು ಕೋಣೆಯೊಳಕ್ಕೆ ಬರಮಾಡಿಕೊಂಡು ಆಮೇಲೆ ತಡೆಯುತ್ತದೆ. ಕಳ್ಳನನ್ನು ನಡುಮನೆಗೆ ಕರೆದು ಬಾಗಿಲು ಹಾಕಿದಂತೆ.

ಗಾಳಿಗೆ ಒಳಬರುವ ದಾರಿ ಒಂದಿದ್ದರೆ ಸಾಲದು, ಹೊರಹೋಗುವ ದಾರಿಯೂ ಬೇಕು. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇಡುವುದಕ್ಕಿಂತ ಎದುರುಬದುರು ಗೋಡೆಗಳಲ್ಲಿ ಒಂದೊಂದು ಇಡುವುದು ಲೇಸು. ಹಳೆಯ ಮೈಸೂರಿನ ಮನೆಗಳಲ್ಲಿ ಸೂರಿನ ಕೆಳಗೆ ಹಗ್ಗ ಎಳೆದು ತೆರೆಯುವ ಗವಾಕ್ಷಿಗಳಿದ್ದುದು ಹಿರಿಯರಿಗೆ ನೆನಪಿರಬಹುದು. ಇಂದಿನ ಮನೆಗಳಲ್ಲಿ ಕಿಟಕಿ ಏಳಡಿಗೆ ಮುಗಿಯುತ್ತದೆ, ಚಾವಣಿ ಹತ್ತಡಿಗೆ ಇರುತ್ತದೆ. ನಡುವಿನ ಮೂರಡಿಯಲ್ಲಿ ಬಿಸಿಗಾಳಿ ಹೊರಹೋಗಲಾರದೆ ನಿಂತಿರುತ್ತದೆ. ಫ್ಯಾನು ತಿರುಗಿಸಿದಾಗ ಅದನ್ನೇ ಮತ್ತೆ ನಮ್ಮ ತಲೆಯ ಮೇಲೆ ಇಳಿಸುತ್ತೇವೆ. ಕಾಂಕ್ರೀಟಿನ ಚಾವಣಿಯಾದರೋ ಹಗಲೆಲ್ಲ ಹೀರಿದ ಕಾವನ್ನು ರಾತ್ರಿ ಮಲಗಿದವರ ಮೇಲೆ ಸುರಿಸುತ್ತದೆ. ತಾರಸಿಗೆ ಬಿಳಿಯ ಸುಣ್ಣ ಬಳಿಯುವುದು ಇದಕ್ಕೆ ಅಗ್ಗದ ಮದ್ದು.

ಈ ವಿಚಾರದಲ್ಲಿ ಒಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಗಾಂಧೀಜಿಯವರ ಭೇಟಿಯಿಂದ ಪ್ರಭಾವಿತರಾಗಿ ಭಾರತದಲ್ಲೇ ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್. ಅವರು ಇಟ್ಟಿಗೆಗಳನ್ನು ಅಡ್ಡಲಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಟೊಳ್ಳು ಬಿಟ್ಟು ಕಟ್ಟಿಸುತ್ತಿದ್ದರು. ಇದರಿಂದ ಸುಮಾರು ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ. ಟೊಳ್ಳಿನಲ್ಲಿ ನಿಂತ ಗಾಳಿ ಹೊರಗಿನ ಕಾವನ್ನು ತಡೆಯುತ್ತದೆ. ಕಿಟಕಿಯ ಬದಲು ಇಟ್ಟಿಗೆಯ ಜಾಲರಿ, ಕುರ್ಚಿಯ ಬದಲು ಗೋಡೆಗೆ ಸೇರಿದ ಇಟ್ಟಿಗೆಯ ಆಸನ. ಜಾಲರಿಯ ಮೂಲಕ ಸೊಳ್ಳೆ ಬರುವುದಿಲ್ಲವೇ ಎಂದು ಕೇಳುವಿರಿ. ಬರುತ್ತದೆ. ಬಲೆ ಹೊಡೆಯಬೇಕು, ಬಲೆ ಹೊಡೆದರೆ ಗಾಳಿ ಕಡಿಮೆಯಾಗುತ್ತದೆ, ಆದುದರಿಂದ ತೆರಪನ್ನು ಹಿಗ್ಗಿಸಬೇಕು. ಮನೆ ಕಟ್ಟುವುದೆಂದರೆ ಇಂಥ ಚೌಕಾಸಿಯೇ.

ನೆಲದ ಮಾತಿಗೆ ಬರುತ್ತೇನೆ; ಇದು ನನಗೆ ನೋವಿನ ಮಾತು. ನಮ್ಮ ಹಿಂದಿನವರಿಗೆ ಕೆಂಪು ಗಾರೆಯ ನೆಲ ಗೊತ್ತಿತ್ತು: ಸಿಮೆಂಟಿಗೆ ಕೆಂಪು ಆಕ್ಸೈಡು ಬೆರೆಸಿ, ಕರಣೆಯಿಂದ ಗಂಟೆಗಟ್ಟಲೆ ಉಜ್ಜಿ ನಯಮಾಡಿದ್ದು. ಕಾಲು ಸವೆಸಿದಷ್ಟೂ ಅದಕ್ಕೆ ಹೊಳಪು. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಅಗ್ಗ, ತಂಪು, ಒದ್ದೆಯಾದರೂ ಕಾಲು ಹಿಡಿಯುತ್ತದೆ. ಇವನ್ನೆಲ್ಲ ಬಿಟ್ಟು ನಾನು ಕನ್ನಡಿಯಂಥ ಹಂಚಿನ ಹಾಸನ್ನು ಆರಿಸಿದೆ. ಬಚ್ಚಲಿಗೂ ಅದನ್ನೇ ಹಾಕಿಸಿದೆ. ಮೇಸ್ತ್ರಿ, "ಬಚ್ಚಲಿಗೆ ತರಿ ಇರೋದು ಹಾಕ್ಸಿ ಸ್ವಾಮಿ" ಎಂದು ಹೇಳಿದ್ದ. ಒಂದೇ ತರಹ ಇದ್ದರೆ ಚೆಂದ ಎಂದು ಹೇಳಿದವನು ನಾನು. ಎಂಟನೆಯ ತಿಂಗಳು ಅಮ್ಮ ಸ್ನಾನ ಮುಗಿಸಿ ಹೊರಬರುವಾಗ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಜಗತ್ತಿನ ಆಕಸ್ಮಿಕ ಗಾಯಗಳ ಸಾವಿನಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದು, ಅದರಲ್ಲಿಯೂ ಅರುವತ್ತು ದಾಟಿದವರದೇ ಹೆಚ್ಚು ಎಂಬುದನ್ನು ನಾನು ಓದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು.

ಈಗ ನಮ್ಮ ಬಚ್ಚಲಿನ ನೆಲ ತರಿಯುಳ್ಳದ್ದು. ಹೊಸ್ತಿಲಿನ ಎತ್ತರ ತೆಗೆಸಿ, ನೀರು ಹೊರಬಾರದಂತೆ ನೆಲವನ್ನು ತೂಬಿನ ಕಡೆಗೆ ಇಳಿಜಾರು ಮಾಡಿಸಿದ್ದೇನೆ. ಗೋಡೆಗೆ ಎರಡು ಕಡೆ ಹಿಡಿಕೆ ಇದೆ. ಗಾರೆಯಲ್ಲಿ ಸಿಕ್ಕಿಸಿದ್ದಲ್ಲ, ಇಟ್ಟಿಗೆಯೊಳಕ್ಕೆ ಬೋಲ್ಟು ಹಾಕಿ ಬಿಗಿದದ್ದು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲಿನ ಎತ್ತರಕ್ಕೆ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯುತ್ತದೆ. ಎಲ್ಲಕ್ಕೂ ಆದ ಖರ್ಚು ಆ ಷೋಕೇಸಿನ ಅರ್ಧದಷ್ಟು.

ಅಡಿಗೆಮನೆಯಲ್ಲಿ ನನ್ನ ಹೆಂಡತಿ ಕಂಡುಹಿಡಿದ ತಪ್ಪು ಬೇರೆ. ಕಟ್ಟೆಯ ಎತ್ತರವನ್ನು ಬಡಗಿ ತನ್ನ ಅಂದಾಜಿಗೆ ನಿಲ್ಲಿಸಿದ್ದ, ಆತ ಐದಡಿ ಎಂಟಂಗುಲದ ಆಳು. ಐದಡಿಯ ಹೆಂಗಸು ಅದರ ಮೇಲೆ ಒಲೆ, ಒಲೆಯ ಮೇಲೆ ಬಾಣಲೆ ಇಟ್ಟು ಒಗ್ಗರಣೆ ಹಾಕುವಾಗ ಭುಜ ಎತ್ತಿಯೇ ಇರಬೇಕು. ನೆಟ್ಟಗೆ ನಿಂತು ಮೊಣಕೈ ಮಡಿಸಿದಾಗ ಅದರಿಂದ ನಾಲ್ಕೈದು ಅಂಗುಲ ಕೆಳಗೆ ತರಕಾರಿ ಹೆಚ್ಚುವ ಕಟ್ಟೆ ಇರಬೇಕು. ಒಲೆ ಇಡುವ ಕಡೆ ಅದಕ್ಕಿಂತಲೂ ಸ್ವಲ್ಪ ತಗ್ಗು. ಅಳತೆಯನ್ನು ಅಡಿಗೆ ಮಾಡುವವರ ಮೈಯಿಂದ ತೆಗೆಯಬೇಕೇ ಹೊರತು ಅಳತೆಪಟ್ಟಿಯಿಂದಲ್ಲ. ಇನ್ನು ಹೊಗೆ: ಗ್ಯಾಸಿನ ಒಲೆ ಬಂದ ಮಾತ್ರಕ್ಕೆ ಗಾಳಿ ಶುದ್ಧವಾಯಿತೆಂದಲ್ಲ. ಕಾದ ಎಣ್ಣೆಯ ಹೊಗೆ, ಉರಿಯ ಅನಿಲ ಇದ್ದೇ ಇವೆ. ಗೋಡೆಯಲ್ಲಿ ಹೊರಕ್ಕೆ ತೆರೆಯುವ ಫ್ಯಾನು ಬೇಕು. ಹೊಗೆಯನ್ನು ಸೋಸಿ ಮತ್ತೆ ಒಳಕ್ಕೇ ಬಿಡುವ ಯಂತ್ರ ಎಣ್ಣೆಜಿಡ್ಡನ್ನು ಹಿಡಿದೀತು, ಉರಿಯ ಅನಿಲವನ್ನು ಹೊರಹಾಕಲಾರದು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಾವಣಿ ಬಿಳಿಯಾಗಿರಲಿ, ಬೆಳಕನ್ನು ಅದು ಹಂಚುತ್ತದೆ. ಉಳಿದುದು ನಿಮ್ಮ ರುಚಿ. ತೇವ ಏರುವ ಗೋಡೆಗೆ ಪ್ಲಾಸ್ಟಿಕ್ ಬಣ್ಣ ಬಳಿಯುವುದು ಹುಣ್ಣಿನ ಮೇಲೆ ಬಟ್ಟೆ ಹೊದಿಸಿದಂತೆ, ತೇವ ಹೊರಬರಲಾರದೆ ಬಣ್ಣ ಹಪ್ಪಳದಂತೆ ಏಳುತ್ತದೆ. ಅಂಥ ಗೋಡೆಗೆ ಹಳೆಯ ಸುಣ್ಣವೇ ಒಳ್ಳೆಯದು. ಉಸಿರಾಡಲು ಬಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ ತೊಂಬತ್ತು ಭಾಗ ಮೀರಕೂಡದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಒಣಗಿದ್ದಾಗ ಕೆರೆಯದೆ ಒದ್ದೆ ಮಾಡಿ ಕೆರೆಯಬೇಕು, ಆಗ ಮಕ್ಕಳನ್ನು ದೂರವಿಡಬೇಕು. ಹೊಸ ಪ್ಲೈವುಡ್ ಬೀರುವಿನ ಕಣ್ಣುರಿಸುವ ವಾಸನೆಯೂ ಹೊಸತನದ ಪರಿಮಳವಲ್ಲ. ಅದರ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಬೀರುಗಳನ್ನು ಕೆಲವು ವಾರ ತೆರೆದಿಟ್ಟು, ಕಿಟಕಿಗಳನ್ನೂ ತೆರೆದಿಟ್ಟು ಆಮೇಲೆ ಬಳಸುವುದು ಕ್ಷೇಮ.

ಆಸ್ಪತ್ರೆಯಿಂದ ಅಮ್ಮನನ್ನು ಕರೆತರುವ ಮೊದಲು ಷೋಕೇಸನ್ನು ತೆಗೆಸಿದೆ. ಮೂಡಣ ಕಿಟಕಿಯ ಕೆಳಗೆ ಆ ಜಾಗದಲ್ಲಿ ಇಟ್ಟಿಗೆಯ ಒಂದು ಜಗಲಿ ಕಟ್ಟಿಸಿ ಮೇಲೆ ಶಹಾಬಾದ್ ಕಲ್ಲು ಹಾಸಿಸಿದೆ: ಉದ್ದ ಆರಡಿ, ಅಗಲ ಎರಡಡಿ, ಎತ್ತರ ಹದಿನೆಂಟು ಅಂಗುಲ. ಮಂಡಿ ನೋಯುವವರು ಕೈಯೂರಿ ಏಳುವುದಕ್ಕೆ ಸೋಫಾಕ್ಕಿಂತ ಗಟ್ಟಿಯಾದ, ತುಸು ಎತ್ತರದ ಆಸನ ಬೇಕೆಂದು ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ ಹೇಳಿದ್ದಳು. ಕೆಳಗಿನ ಟೊಳ್ಳಿನಲ್ಲಿ ಹಳೆಯ ವಾರಪತ್ರಿಕೆಗಳ ಕಟ್ಟುಗಳು. ಅಲ್ಲಿ ಕುಳಿತರೆ ಒಂದು ಕಡೆ ಬೀದಿ, ಇನ್ನೊಂದು ಕಡೆ ಅಡಿಗೆಮನೆಯ ಬಾಗಿಲು ಕಾಣುತ್ತದೆ. ಅಮ್ಮ ಊರುಗೋಲನ್ನು ಗೋಡೆಗೆ ಒರಗಿಸಿ, ಕಲ್ಲನ್ನು ಅಂಗೈಯಿಂದ ಒಮ್ಮೆ ಸವರಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, ಹಾಲು ಉಕ್ಕುತ್ತಿದೆಯೆಂದು ಸೊಸೆಯನ್ನು ಕೂಗಿದರು.